ನವಗ್ರಹಗಳೂ ಸೌರಮಂಡಲವೂ

'ಗ್ರಹ' ಶಬ್ದವು ಹಿಡಿಯುವುದು ಎಂಬರ್ಥದ ಧಾತುವಿನಿಂದ ಬಂದುದು. ಈ ಒಂದೇ ಶಬ್ದವನ್ನು ನಮ್ಮ ಪ್ರಾಚೀನರು ಒಂದರ್ಥದಲ್ಲಿಯೂ ಇಂದಿನ ವಿಜ್ಞಾನ ಪಾಠಗಳು ಬೇರೊಂದರ್ಥದಲ್ಲಿಯೂ ಬಳಸುವುದರಿಂದ ವಿದ್ಯಾರ್ಥಿಯ ಮನಸ್ಸಿನಲ್ಲಿ ಗೊಂದಲವುಂಟಾಗುವುದು ಸಹಜ. ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಾಗ ಅವನು ಒಂಬತ್ತು ಗ್ರಹಗಳನ್ನು ಎಣಿಸುತ್ತಾನೆ. ತರಗತಿಯಲ್ಲಿ ಎಂಟನ್ನು ಬಾಯಿಪಾಠ ಮಾಡುತ್ತಾನೆ. ಯಾವುದು ನಿಜವೆಂದು ಕೇಳಿದರೆ ಉಪಾಧ್ಯಾಯರಾದವರು ಗದರಿಸಿ ಕೂರಿಸಬಾರದು. ಎರಡು ಎಣಿಕೆಗಳ ಅಳತೆಗೋಲೇ ಬೇರೆಯೆಂಬುದನ್ನು ತಿಳಿಯಹೇಳಬೇಕು.

ಸ್ಥಿರವಾಗಿ ತೋರುವ ನಕ್ಷತ್ರಗಳ ನಡುವೆ ಸ್ಥಾನ ಬದಲಿಸುತ್ತ ಹೋಗುವ ಜ್ಯೋತಿಗಳು ಹಿಂದಿನವರಿಗೆ ಗ್ರಹಗಳೆನಿಸಿದವು. ಬರಿಗಣ್ಣಿಗೆ ಸ್ಪಷ್ಟವಾಗಿ ಗೋಚರಿಸುವಂಥವು ಏಳು: ರವಿ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ. ಇವುಗಳೊಡನೆ ರಾಹು ಕೇತುಗಳು ಸೇರಿ ನವಗ್ರಹ. ನೋಡುವವನ ಕಾಲಡಿಯ ಭೂಮಿ ಆಕಾಶದಲ್ಲಿ ಕಾಣದು. ಆದ್ದರಿಂದ ಲೆಕ್ಕಕ್ಕೆ ಬರಲಿಲ್ಲ. ವಿಜ್ಞಾನದಲ್ಲಾದರೋ ಸೂರ್ಯನನ್ನು ಸುತ್ತುವುದೇ ಗ್ರಹದ ಮೊದಲ ಲಕ್ಷಣ. ಹೀಗಾಗಿ ಸೂರ್ಯನು ನಕ್ಷತ್ರವೆನಿಸಿ ನಡುವೆ ನಿಂತನು, ಚಂದ್ರನು ಉಪಗ್ರಹವಾದನು, ಭೂಮಿಯು ಗ್ರಹಗಳ ಪಂಕ್ತಿಯಲ್ಲಿ ಮೂರನೆಯದಾಗಿ ಕುಳಿತಿತು.

ಸೂರ್ಯನ ಅಡ್ಡಳತೆ ಸುಮಾರು ೧೪ ಲಕ್ಷ ಕಿಲೋಮೀಟರು. ೧೦೯ ಭೂಮಿಗಳನ್ನು ಸಾಲಾಗಿ ಪೋಣಿಸಿದಷ್ಟು. ಸೌರಮಂಡಲದ ಒಟ್ಟು ದ್ರವ್ಯದಲ್ಲಿ ನೂರಕ್ಕೆ ೯೯.೮ ಪಾಲು ಅವನೊಬ್ಬನದೇ. ಅವನ ಗರ್ಭದಲ್ಲಿ ಸುಮಾರು ಒಂದೂವರೆ ಕೋಟಿ ಡಿಗ್ರಿ ಉಷ್ಣತೆಯಲ್ಲಿ ಜಲಜನಕವು ಹೀಲಿಯಂ ಆಗಿ ಮಾರ್ಪಡುತ್ತಿದ್ದು, ಆಗ ಹೊಮ್ಮುವ ಶಕ್ತಿಯೇ ನಮ್ಮ ಬಿಸಿಲು. ಸುಮಾರು ೧೫ ಕೋಟಿ ಕಿಲೋಮೀಟರು ದಾಟಿ ಇಲ್ಲಿಗೆ ಬರಲು ಆ ಬೆಳಕಿಗೆ ಎಂಟು ನಿಮಿಷಕ್ಕೂ ತುಸು ಹೆಚ್ಚು ಕಾಲ ಹಿಡಿಯುತ್ತದೆ.

ಗ್ರಹಗಳ ಹಳೆಯ ಹೆಸರುಗಳನ್ನು ಕೇವಲ ಪುರಾಣದ ಮಾತೆಂದು ತಳ್ಳಿಹಾಕುವುದು ಸರಿಯಲ್ಲ. ಅವುಗಳಲ್ಲಿ ಕೆಲವು ಕಣ್ಣಾರೆ ಕಂಡದ್ದರ ದಾಖಲೆಗಳು. ಮಂಗಳನಿಗೆ ಅಂಗಾರಕ, ಎಂದರೆ ಕೆಂಡ, ಎಂಬ ಹೆಸರುಂಟು. ಆ ಕೆಂಪು ಬೆಂಕಿಯದಲ್ಲ, ಅಲ್ಲಿಯ ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕಿನದು ಎಂಬುದು ಈಚಿನ ತಿಳಿವಳಿಕೆ. ಶುಕ್ರನೆಂದರೆ ಹೊಳೆಯುವವನು, ನಮ್ಮ ರೈತರು ಅವನನ್ನು ಬೆಳ್ಳಿಯೆಂದು ಕರೆದು, ಬೆಳ್ಳಿ ಮೂಡಿದ ಹೊತ್ತಿಗೆ ಎತ್ತು ಹೂಡಿದರು. ಅವನ ಮೈಯ ಉಷ್ಣತೆ ೪೬೦ ಡಿಗ್ರಿಗೂ ಮಿಗಿಲು. ಸೂರ್ಯನಿಗೆ ಇನ್ನೂ ಹತ್ತಿರವಿರುವ, ೮೮ ದಿನಗಳಲ್ಲಿ ಒಂದು ಸುತ್ತು ಮುಗಿಸುವ ಬುಧನಿಗೂ ಅಷ್ಟು ತಾಪವಿಲ್ಲ. ಶುಕ್ರನನ್ನು ಕಂಬಳಿಯಂತೆ ಹೊದೆದಿರುವ ಅಂಗಾರಾಮ್ಲವೇ ಇದಕ್ಕೆ ಕಾರಣ. ಗುರುವಂತೂ ಹೆಸರಿಗೆ ತಕ್ಕಂತೆ ಗುರು, ಭಾರವಾದವನು: ಉಳಿದ ಏಳು ಗ್ರಹಗಳನ್ನು ಕೂಡಿಸಿದರೂ ಅವನ ತೂಕದ ಅರ್ಧಕ್ಕೆ ಬಾರವು.

ಶನೈಶ್ಚರನೆಂದರೆ ಮೆಲ್ಲಗೆ ನಡೆಯುವವನು. ಸೂರ್ಯನನ್ನು ಒಂದು ಸಲ ಸುತ್ತಲು ಅವನಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹನ್ನೆರಡು ರಾಶಿಗಳಿಗೆ ಅದನ್ನು ಹಂಚಿದರೆ ರಾಶಿಗೆ ಎರಡೂವರೆ ವರ್ಷ. ಮೂರು ರಾಶಿಗಳಿಗೆ ಏಳೂವರೆ. ಜನ ಹೆದರುವ ಸಾಡೇಸಾತಿಯ ಲೆಕ್ಕ ಇಷ್ಟೇ. ಬಹುಮಟ್ಟಿಗೆ ಮಂಜುಗಡ್ಡೆಯ ತುಣುಕುಗಳಿಂದಾದ ಬಳೆಗಳನ್ನು ತೊಟ್ಟ ಈ ಸುಂದರ ಗ್ರಹವು, ತನ್ನ ಪಾಡಿಗೆ ತಾನು ನಡೆಯುತ್ತ, ಇಷ್ಟೊಂದು ಬೈಗುಳಕ್ಕೆ ಪಾತ್ರವಾದುದು ಸೋಜಿಗ.

ಶನಿಯಾಚೆಗೂ ಗ್ರಹವುಂಟೆಂದು ೧೭೮೧ರಲ್ಲಿ ಇಂಗ್ಲೆಂಡಿನ ವಿಲಿಯಂ ಹರ್ಷೆಲನು ದೂರದರ್ಶಕದಿಂದ ಯುರೇನಸ್ಸನ್ನು ಕಂಡಾಗ ತಿಳಿಯಿತು. ನೆಪ್ಚೂನಿನ ಕಥೆ ಇನ್ನೂ ಸ್ವಾರಸ್ಯವಾದುದು. ಯುರೇನಸ್ಸಿನ ನಡಿಗೆಯಲ್ಲಿ ಕಂಡ ವ್ಯತ್ಯಾಸದಿಂದ ಫ್ರಾನ್ಸಿನ ಲವೆರಿಯೇ ಅದರ ಸ್ಥಾನವನ್ನು ಕಾಗದದ ಮೇಲೆ ಗಣಿಸಿದನು. ೧೮೪೬ರಲ್ಲಿ ಬರ್ಲಿನ್ನಿನ ಗಾಲೆಯು ಆ ಕಡೆ ನೋಡಿದ ಮೊದಲ ರಾತ್ರಿಯೇ ಗ್ರಹವು ಸಿಕ್ಕಿತು. ೧೯೩೦ರಲ್ಲಿ ದೊರೆತ ಪ್ಲೂಟೋ ಒಂಬತ್ತನೆಯದೆನಿಸಿ, ೨೦೦೬ರಲ್ಲಿ ಪ್ರಾಗ್ ನಗರದ ಖಗೋಳಜ್ಞರ ಸಭೆಯಲ್ಲಿ ಕುಬ್ಜಗ್ರಹವೆಂದು ಬೇರೆಯಾಯಿತು. ಅದಕ್ಕೆ ಮೊದಲು ಓದಿದ ಹಳೆಯ ವಿದ್ಯಾರ್ಥಿಗಳ ಒಂಬತ್ತು ಇದು, ನವಗ್ರಹಗಳ ಒಂಬತ್ತಲ್ಲ.

ಇನ್ನುಳಿದವು ರಾಹು ಕೇತುಗಳು. ಇವು ಪಿಂಡಗಳಲ್ಲ, ಬಿಂದುಗಳು. ಚಂದ್ರನ ದಾರಿಯು ಸೂರ್ಯನ ದಾರಿಗೆ ಸುಮಾರು ಐದು ಡಿಗ್ರಿ ಓರೆಯಾಗಿದ್ದು, ಎರಡೂ ಕತ್ತರಿಸುವ ಸ್ಥಾನಗಳಿಗೆ ಈ ಹೆಸರು. ಆ ಸ್ಥಾನಗಳ ಬಳಿ ಅಮಾವಾಸ್ಯೆಯೋ ಹುಣ್ಣಿಮೆಯೋ ಒದಗಿದರೆ ಮಾತ್ರ ಗ್ರಹಣ. ಪ್ರತಿ ಅಮಾವಾಸ್ಯೆಗೂ ಅದು ಆಗದಿರುವುದು ಇದರಿಂದಲೇ. ಗ್ರಹಣವು ನೆರಳಿನ ಕಾರ್ಯವೆಂದು ಆರ್ಯಭಟನು ಸಾವಿರದ ಐನೂರು ವರ್ಷಗಳ ಹಿಂದೆಯೇ ನಿರೂಪಿಸಿದ್ದನು. ಪಂಚಾಂಗದವರು ಲೆಕ್ಕವನ್ನು ಉಳಿಸಿಕೊಂಡರು. ಜನರು ನುಂಗುವ ಹಾವಿನ ಕಥೆಯನ್ನು ಉಳಿಸಿಕೊಂಡರು.

ಈ ಮಾತಿಗೆ ಕನ್ನಡ ನೆಲದ ಸಾಕ್ಷ್ಯವುಂಟು. ೧೮೬೮ರ ಆಗಸ್ಟ್ ೧೮ರ ಪೂರ್ಣ ಸೂರ್ಯಗ್ರಹಣವನ್ನು, ಯುರೇನಸ್ಸನ್ನು ಕಂಡ ಹರ್ಷೆಲನ ಮೊಮ್ಮಗನು ಜಮಖಂಡಿಯಲ್ಲಿ ನಿಂತು ನೋಡಿದನು. ಸೂರ್ಯನ ಅಂಚಿನಿಂದ ಚಾಚಿದ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಲ್ಲಿ ಪರೀಕ್ಷಿಸಿ, ಅವು ಹೊಳೆಯುವ ಅನಿಲವೆಂದು ಅರಿತನು. ೧೯೮೦ರ ಫೆಬ್ರುವರಿ ೧೬ರಂದು ಹುಬ್ಬಳ್ಳಿ–ರಾಯಚೂರು ಸೀಮೆಯ ಮೇಲೆ ಅಂಥದೇ ನೆರಳು ಹಾದಾಗ ದೂರದೂರದ ವಿಜ್ಞಾನಿಗಳು ಇಲ್ಲಿ ಬೀಡುಬಿಟ್ಟಿದ್ದರು. ಎಷ್ಟೋ ಮನೆಗಳವರು ಕದವಿಕ್ಕಿ ಮಕ್ಕಳನ್ನು ಒಳಗೆ ಕೂಡಿಹಾಕಿದ್ದರು. ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸುವುದು ಅಪಾಯವೆಂಬ ಎಚ್ಚರ ಸರಿಯಾದುದೇ. ಆದರೆ ತಕ್ಕ ಕನ್ನಡಕವಿಟ್ಟು ಹೊರಗೆ ನಿಲ್ಲಿಸಬಹುದಾಗಿತ್ತು.

ಪೂರ್ಣಗ್ರಹಣದ ಕೆಲವೇ ನಿಮಿಷಗಳಲ್ಲಿ ಚಂದ್ರನು ಬಿಂಬವನ್ನು ಮರೆಮಾಡಿದಾಗ ಕಾಣುವ ಪ್ರಭಾವಲಯವನ್ನು ಗ್ರಹಣವಿಲ್ಲದೆಯೂ ನೋಡುವ ಉಪಕರಣವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಸಿದ್ಧಪಡಿಸಿದರು. ಬಿಂಬದ ಬೆಳಕನ್ನು ಒಳಗೇ ತಡೆಯುವ ಆ ಯಂತ್ರವನ್ನು ಹೊತ್ತ 'ಆದಿತ್ಯ' ನೌಕೆಯು ೨೦೨೪ರ ಜನವರಿ ೬ರಂದು, ಭೂಮಿಯಿಂದ ೧೫ ಲಕ್ಷ ಕಿಲೋಮೀಟರು ದೂರದ ತನ್ನ ನೆಲೆಯನ್ನು ಸೇರಿತು.