ಕಣ್ಣೀರಿನ ಬಾಗಿಲಲ್ಲೊಂದು ಬಾಡಿಗೆಯ ನಾಡು

ಕೆಂಪು ಸಮುದ್ರವು ದಕ್ಷಿಣಕ್ಕೆ ಸರಿಯುತ್ತ ಬಂದು, ಹಿಂದೂ ಮಹಾಸಾಗರವನ್ನು ಸೇರುವ ಮುನ್ನ ಒಂದೆಡೆ ಕೊರಳು ಹಿಸುಕಿದಂತೆ ಕಿರಿದಾಗುತ್ತದೆ. ಸುಮಾರು 30 ಕಿಲೋಮೀಟರ್ ಅಗಲದ ಆ ಜಲಸಂಧಿಗೆ ಅರಬ್ಬರು ಇಟ್ಟ ಹೆಸರು ಬಾಬ್ ಎಲ್ ಮಂದೆಬ್. ಎಂದರೆ ಕಣ್ಣೀರಿನ ಬಾಗಿಲು. ಸೂಯೆಜ್ ಕಾಲುವೆಯ ಮೂಲಕ ಯೂರೋಪಿಗೂ ಏಷ್ಯಕ್ಕೂ ನಡುವೆ ಸಂಚರಿಸುವ ಹಡಗುಗಳು ಈ ಬಾಗಿಲನ್ನು ಹಾಯಲೇಬೇಕು. ಅದರ ಆಫ್ರಿಕದ ಕಡೆಯ ಹೊಸ್ತಿಲಲ್ಲಿ ಕುಳಿತಿರುವ ಪುಟ್ಟ ರಾಷ್ಟ್ರವೇ ಜಿಬೂಟಿ.

ವಿಸ್ತೀರ್ಣ ಸುಮಾರು 23,200 ಚದರ ಕಿಲೋಮೀಟರ್; ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು. ವರ್ಷವಿಡೀ ಹರಿಯುವ ನದಿ ಇಲ್ಲಿ ಒಂದೂ ಇಲ್ಲ. ಉಳುವ ನೆಲ ಇಲ್ಲವೆಂದೇ ಹೇಳಬೇಕು. ಸಮುದ್ರಮಟ್ಟಕ್ಕಿಂತ 155 ಮೀಟರ್ ಕೆಳಗೆ ಅಸ್ಸಾಲ್ ಎಂಬ ಸರೋವರವುಂಟು. ಅದೂ ಉಪ್ಪಿನ ಗಡ್ಡೆ! ಅಫಾರ್ ಜನಾಂಗದವರು ಶತಮಾನಗಳ ಕಾಲ ಆ ಉಪ್ಪನ್ನು ಒಂಟೆಗಳ ಮೇಲೆ ಹೇರಿ ಇಥಿಯೋಪಿಯದ ಎತ್ತರದ ಸೀಮೆಗೆ ಒಯ್ಯುತ್ತಿದ್ದರು. ಇಷ್ಟನ್ನು ಬಿಟ್ಟರೆ ಪ್ರಕೃತಿಯು ಈ ನಾಡಿಗೆ ಕರುಣಿಸಿದ ಸಂಪತ್ತು ಒಂದೇ, ಅದರ ವಿಳಾಸ.

1977ರ ಜೂನ್ 27ರಂದು ಫ್ರೆಂಚರು ಸ್ವಾತಂತ್ರ್ಯವನ್ನಿತ್ತರು. ತಮ್ಮ ಸೈನ್ಯವನ್ನು ಮಾತ್ರ ಅಲ್ಲಿಯೇ ಉಳಿಸಿಕೊಂಡರು. 2001ರ ತರುವಾಯ ಅಮೆರಿಕನ್ನರು ಬಂದು ಲೆಮೊನಿಯೆ ಎಂಬ ಹಳೆಯ ಫ್ರೆಂಚ್ ಶಿಬಿರದಲ್ಲಿ ಬೀಡುಬಿಟ್ಟರು. 2014ರ ಕರಾರಿನಂತೆ ಅವರು ತೆರುವ ಬಾಡಿಗೆ ವರ್ಷಕ್ಕೆ ಸುಮಾರು 6.3 ಕೋಟಿ ಡಾಲರು. ಸೊಮಾಲಿಯದ ಕಡಲ್ಗಳ್ಳರ ಹಾವಳಿ ಹೆಚ್ಚಿದಾಗ, 2011ರಲ್ಲಿ ಜಪಾನು ಬಂದಿತು. ಎರಡನೆಯ ಮಹಾಯುದ್ಧದ ಬಳಿಕ ಅದು ಪರದೇಶದಲ್ಲಿ ತೆರೆದ ಮೊದಲ ನೆಲೆ ಇದು. ಇಟಲಿಯೂ ಬಂದಿತು. 2017ರಲ್ಲಿ ಚೀನವೂ ತನ್ನ ಮೊತ್ತಮೊದಲ ಹೊರದೇಶದ ಸೇನಾನೆಲೆಯನ್ನು ಇಲ್ಲಿಯೇ ಕಟ್ಟಿತು, ಅಮೆರಿಕನ್ನರ ಬಿಡಾರದಿಂದ ಕೆಲವೇ ಮೈಲಿಗಳ ಅಂತರದಲ್ಲಿ. ಪರಸ್ಪರ ಮುಖ ನೋಡಲೊಲ್ಲದ ಇಬ್ಬರು ಬಾಡಿಗೆದಾರರನ್ನು ಒಂದೇ ವಠಾರದಲ್ಲಿರಿಸಿಕೊಂಡ ಯಜಮಾನನ ಪಾಡು ಗೃಹಸ್ಥರಿಗೆ ತಿಳಿಯದ್ದಲ್ಲ. 2018ರಲ್ಲಿ, ಚೀನೀಯರು ತಮ್ಮ ವಿಮಾನಚಾಲಕರ ಕಣ್ಣಿಗೆ ಲೇಸರ್ ಕಿರಣ ಹಾಯಿಸಿದರೆಂದು ಅಮೆರಿಕ ದೂರಿತು, ಚೀನ ಅಲ್ಲಗಳೆಯಿತು.

ಭಾರತಕ್ಕೆ ಇಲ್ಲಿ ನೆಲೆಯಿಲ್ಲ, ಋಣವುಂಟು. 2015ರಲ್ಲಿ ಯೆಮೆನಿನ ಯುದ್ಧದಲ್ಲಿ ಸಿಲುಕಿದ್ದ ನಮ್ಮವರನ್ನು ನೌಕಾದಳದ ಹಡಗುಗಳು ಕರೆತಂದು ಇಳಿಸಿದ್ದು ಜಿಬೂಟಿಯ ದಕ್ಕೆಯಲ್ಲಿಯೇ.

ಆದರೆ ಈ ಮನೆಯ ಒಲೆ ಉರಿಯುವುದು ಸೈನಿಕರ ಬಾಡಿಗೆಯಿಂದಲ್ಲ, ನೆರೆಯವನಿಂದ. 1993ರಲ್ಲಿ ಎರಿಟ್ರಿಯ ಪ್ರತ್ಯೇಕವಾದಾಗ ಇಥಿಯೋಪಿಯ ತನ್ನ ಕಡಲತೀರವನ್ನೆಲ್ಲ ಕಳೆದುಕೊಂಡಿತು. 1998ರಲ್ಲಿ ಅವೆರಡಕ್ಕೂ ಯುದ್ಧ ಹತ್ತಿಕೊಂಡಿತು. ಅಸ್ಸಾಬ್ ಬಂದರು ಇಥಿಯೋಪಿಯದ ಕೈತಪ್ಪಿತು. ಅಂದಿನಿಂದ ಹತ್ತು ಕೋಟಿಗೂ ಮೀರಿದ ಜನರ ಆ ದೇಶದ ಹೊರವ್ಯಾಪಾರದಲ್ಲಿ ನೂರಕ್ಕೆ ತೊಂಬತ್ತರಷ್ಟು ಜಿಬೂಟಿಯ ಮೂಲಕವೇ ಸಾಗುತ್ತ ಬಂದಿದೆ. ಕೊಡುಕೊಳ್ಳುವಿಕೆ ಒಮ್ಮುಖವಲ್ಲ. ಜಿಬೂಟಿಯ ದೀಪಗಳಿಗೆ ವಿದ್ಯುತ್ತು, ನಲ್ಲಿಗಳಿಗೆ ನೀರು ಇಥಿಯೋಪಿಯದಿಂದ ಬರುತ್ತವೆ. ಗಂಡಸರು ಮಧ್ಯಾಹ್ನ ಕವಳದಂತೆ ಅಗಿಯುವ ಖಾತ್ ಎಂಬ ಎಲೆ ಕೂಡ! ಈ ನೀರಿನ ಕೊಳವೆಗೂ 2016ರಲ್ಲಿ ಉದ್ಘಾಟನೆಗೊಂಡ ಅಡಿಸ್ ಅಬಾಬದ ವಿದ್ಯುತ್ ರೈಲಿಗೂ ಸಾಲವಿತ್ತದ್ದು ಚೀನ. ಸಾಲದ ಹೊರೆ ಎಷ್ಟಾಯಿತೆಂದರೆ, 2022ರಲ್ಲಿ ಕಂತುಗಳನ್ನು ಕಟ್ಟುವುದೇ ನಿಂತಿತು.

ಇಷ್ಟೆಲ್ಲ ಬಾಡಿಗೆ, ಸುಂಕಗಳು ಬಂದರೂ ರಾಜಧಾನಿಯ ಅಂಚಿನ ಬಾಲ್ಬಾಲ ಬಡಾವಣೆಯಲ್ಲಿ ತಗಡಿನ ಗುಡಿಸಲುಗಳು ತಪ್ಪಿಲ್ಲ. ಬಂದರಿನಲ್ಲಿ ಯಂತ್ರಗಳೇ ಭಾರ ಎತ್ತುತ್ತವೆ. ಸೇನಾನೆಲೆಗಳಿಗೆ ಬೇಕಾಗುವ ಕೈಗಳು ಕೆಲವೇ. 1999ರಿಂದ ಅಧ್ಯಕ್ಷಪೀಠದಲ್ಲಿರುವವರು ಇಸ್ಮಾಯಿಲ್ ಒಮರ್ ಗೆಲ್ಲೆ. ಲೆಕ್ಕ ಕೇಳುವ ವಿರೋಧಪಕ್ಷಕ್ಕೆ ಅಲ್ಲಿ ಅವಕಾಶ ಅತ್ಯಲ್ಪ.

2024ರ ಜನವರಿ 1ರಂದು ಇಥಿಯೋಪಿಯವು ಸೊಮಾಲಿಲ್ಯಾಂಡಿನೊಡನೆ ಕಡಲತೀರಕ್ಕಾಗಿ ಒಂದು ಒಡಂಬಡಿಕೆಗೆ ಸಹಿ ಹಾಕಿತು. ಸುದ್ದಿ ಕೇಳಿ ಸೊಮಾಲಿಯ ಸಿಡಿದೆದ್ದಿತು, ಜಿಬೂಟಿ ಬೆಚ್ಚಿತು. ಇರುವ ಒಬ್ಬನೇ ದೊಡ್ಡ ಗಿರಾಕಿ ಬೇರೆ ಅಂಗಡಿಯತ್ತ ಹೊರಳಿದರೆ ಗತಿಯೇನು? ಅದೇ ವರ್ಷ ಆಗಸ್ಟಿನಲ್ಲಿ ಜಿಬೂಟಿಯ ಸರಕಾರ ತನ್ನ ಉತ್ತರ ತೀರದ ತಜೂರ ಬಂದರಿನ ಆಡಳಿತವನ್ನೇ ವಹಿಸಿಕೊಳ್ಳಿರೆಂದು ಇಥಿಯೋಪಿಯವನ್ನು ಕರೆಯಿತು.