ಆಟದ ಚಿತ್ರ ಮುಗ್ಗರಿಸಿದರೆ ಮೊದಲು ಮಾಡಬೇಕಾದುದೇನು?

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ತರುಣರ ಮಾತಿನಲ್ಲಿ ಊರಿನ ಮಳೆ-ಬೆಳೆ, ಕಚೇರಿಯ ಬಡ್ತಿ, ಲೋಕಲ್ ಗಾಡಿಯ ನೂಕುನುಗ್ಗಲು ಇವುಗಳ ಜೊತೆಗೆ ಈಗ ಕಂಪ್ಯೂಟರ್ ಆಟಗಳೂ ಸೇರಿಕೊಂಡಿವೆ. ಅದರಲ್ಲಿ ತಪ್ಪೇನೂ ಇಲ್ಲ. ಹಗಲೆಲ್ಲ ಲೆಕ್ಕದ ಪುಸ್ತಕದ ಮುಂದೋ ಹೋಟೆಲಿನ ಗಲ್ಲಾದ ಮುಂದೋ ದುಡಿದವನಿಗೆ ರಾತ್ರಿ ಒಂದು ಗಂಟೆಯ ವಿನೋದ ಬೇಕೇ ಬೇಕು. ಆದರೆ ಕೆಲವು ದಿನಗಳ ಹಿಂದೆ ನಮ್ಮ ಸದಸ್ಯರೊಬ್ಬರು ಆಡಿದ ಮಾತು ನಮ್ಮನ್ನು ಯೋಚನೆಗೆ ಹಚ್ಚಿತು. ಅವರು 'ಸೈಬರ್‌ಪಂಕ್ ೨೦೭೭' ಎಂಬ ಆಟವನ್ನು ಕೊಂಡಿದ್ದರು. ಪರದೆಯ ಮೇಲೆ ಚಿತ್ರ ಮುಗ್ಗರಿಸುತ್ತ ಓಡುತ್ತಿತ್ತು. ಅಂಗಡಿಯವರು ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸದೆ ಗತಿಯಿಲ್ಲವೆಂದರು, ಕಂತಿನ ಮೇಲೆ ಕೊಡುತ್ತೇವೆಂದೂ ಹೇಳಿದರು. ಊರಿಗೆ ಕಳುಹಿಸುವ ಹಣವನ್ನು ನಾಲ್ಕಾರು ತಿಂಗಳು ಅರ್ಧಕ್ಕಿಳಿಸಿದರೆ ಕಂತು ಸಾಗುತ್ತದೆ ಎಂಬುದು ನಮ್ಮ ಸದಸ್ಯರ ಲೆಕ್ಕ.

"ಕಾಗದಕ್ಕೆ ರುಜು ಹಾಕುವ ಮೊದಲು ಒಂದು ಭಾನುವಾರ ತಡೆಯಿರಿ" ಎಂದೆವು. ಆ ಭಾನುವಾರ ಅವರ ಕೋಣೆಯಲ್ಲಿ ಕುಳಿತು ನಾವು ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇವೆ. ಹೇಳಬೇಕಾದ ಮಾತು ಒಂದೇ: ಯಂತ್ರದಲ್ಲಿ ತಡ ಎಲ್ಲಿ ಆಗುತ್ತಿದೆ ಎಂದು ಅಳೆದು ನೋಡದೆ ಹಣ ಬಿಚ್ಚಬಾರದು.

ಮೊದಲು ಆಟದ ವಿಚಾರ. ಇದನ್ನು ತಯಾರಿಸಿದವರು ಪೋಲೆಂಡ್ ದೇಶದ ಸಿ.ಡಿ. ಪ್ರಾಜೆಕ್ಟ್ ರೆಡ್ ಎಂಬ ಸಂಸ್ಥೆಯವರು. ೨೦೨೦ರ ಡಿಸೆಂಬರ್ ೧೦ರಂದು ಅದು ಹೊರಬಂದಿತು. ಹಳೆಯ ಮಾದರಿಯ ಆಟದ ಯಂತ್ರಗಳಲ್ಲಿ ಅದು ಎಷ್ಟು ಕೆಟ್ಟದಾಗಿ ಓಡಿತೆಂದರೆ, ಸೋನಿ ಕಂಪನಿಯವರು ಅದೇ ತಿಂಗಳು ತಮ್ಮ ಮಳಿಗೆಯಿಂದ ಅದನ್ನು ತೆಗೆದುಹಾಕಿದರು. ಮರಳಿ ಇಟ್ಟದ್ದು ೨೦೨೧ರ ಜೂನ್‌ನಲ್ಲಿ. ಆಮೇಲೆ ಅನೇಕ ತಿದ್ದುಪಡಿಗಳಾಗಿ, ೨೦೨೩ರ ಸೆಪ್ಟೆಂಬರ್‌ನಲ್ಲಿ ೨.೦ ಎಂಬ ದೊಡ್ಡ ಪರಿಷ್ಕರಣವೂ ಬಂದಿತು. ಆದ್ದರಿಂದ ಈ ಆಟ ತಮ್ಮ ಯಂತ್ರದಲ್ಲಿ ಮುಗ್ಗರಿಸಿದರೆ ಯಾರೂ ನಾಚಬೇಕಾದ್ದಿಲ್ಲ. ಅದು ಭಾರವಾದ ಆಟ. ವಯಸ್ಕರಿಗೆಂದೇ ಮಾಡಿದ ಆಟವೆಂಬುದನ್ನೂ ಹೇಳಿಬಿಡುತ್ತೇವೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡತಕ್ಕದ್ದಲ್ಲ.

೨.೦ರ ನಂತರ ತಯಾರಕರು ಹೇಳಿದ ಕನಿಷ್ಠ ಅಗತ್ಯ ಇಷ್ಟು: ಇಂಟೆಲ್ ಕೋರ್ ಐ೭-೬೭೦೦ ಅಥವಾ ರೈಜನ್ ೫ ೧೬೦೦ ಪ್ರೊಸೆಸರ್, ೬ ಜಿ.ಬಿ.ಯ ಜಿ.ಟಿ.ಎಕ್ಸ್. ೧೦೬೦ ಅಥವಾ ಆರ್.ಎಕ್ಸ್. ೫೮೦ ಗ್ರಾಫಿಕ್ಸ್ ಕಾರ್ಡ್, ೧೨ ಜಿ.ಬಿ. ಮೆಮೊರಿ, ಎಸ್.ಎಸ್.ಡಿ.ಯಲ್ಲಿ ೭೦ ಜಿ.ಬಿ. ಜಾಗ. ಇಷ್ಟಿದ್ದರೆ ೧೦೮೦ ಗೆರೆಗಳ ಪರದೆಯಲ್ಲಿ, ಅತಿ ಕೆಳಗಿನ ಸಜ್ಜಿನಲ್ಲಿ, ಸೆಕೆಂಡಿಗೆ ೩೦ ಚಿತ್ರ ದೊರೆಯುವುದೆಂದು ಅವರ ಮಾತು. ನಮ್ಮ ಸದಸ್ಯರ ಯಂತ್ರ ಸರಿಯಾಗಿ ಈ ಗೆರೆಯ ಮೇಲೆಯೇ ಇತ್ತು. ಆದರೆ ಅವರು ಎಲ್ಲ ಸಜ್ಜುಗಳನ್ನೂ ಅತಿ ಮೇಲಕ್ಕೆ ಏರಿಸಿಟ್ಟಿದ್ದರು!

ಈಗ ಮುಗ್ಗರಿಸುವುದೆಂದರೇನೆಂದು ನೋಡೋಣ. ಪರದೆಯ ಮೇಲೆ ಚಲಿಸುವಂತೆ ಕಾಣುವುದೆಲ್ಲ ಒಂದರ ಹಿಂದೊಂದು ಬರುವ ನಿಶ್ಚಲ ಚಿತ್ರಗಳು. ಒಂದೊಂದನ್ನೂ ಫ್ರೇಮ್ ಎನ್ನುತ್ತಾರೆ. ಸೆಕೆಂಡಿಗೆ ೬೦ ಫ್ರೇಮ್ ಬೇಕಾದರೆ ಒಂದೊಂದಕ್ಕೆ ಸಿಗುವ ಸಮಯ ಸೆಕೆಂಡಿನ ಸಾವಿರದಲ್ಲಿ ಸುಮಾರು ೧೭ ಪಾಲು. ೩೦ ಸಾಕೆಂದರೆ ಸುಮಾರು ೩೩ ಪಾಲು. ಆ ಗಡುವಿನೊಳಗೆ ಚಿತ್ರ ಸಿದ್ಧವಾಗದಿದ್ದರೆ ಹಳೆಯ ಚಿತ್ರವೇ ಪರದೆಯ ಮೇಲೆ ನಿಲ್ಲುತ್ತದೆ. ಅದನ್ನೇ ಕಣ್ಣು ಮುಗ್ಗರಿಕೆಯೆಂದು ಹಿಡಿಯುತ್ತದೆ.

ಮುಂಬಯಿಯಲ್ಲಿರುವ ನಮಗೆಲ್ಲ ಉಡುಪಿ ಹೋಟೆಲಿನ ಅಡುಗೆಮನೆ ಗೊತ್ತು. ಹೊರಗೆ ಆರ್ಡರ್ ತೆಗೆದುಕೊಂಡು ಒಳಗೆ ಕೂಗಿ ಹೇಳುವವನಂತೆ ಪ್ರೊಸೆಸರ್. ಕಾವಲಿಯ ಮುಂದೆ ನಿಂತು ದೋಸೆ ಹೊಯ್ಯುವವನಂತೆ ಗ್ರಾಫಿಕ್ಸ್ ಕಾರ್ಡ್. ಅವನ ಕೈಗೆಟಕುವ ಕಟ್ಟೆಯಂತೆ ಆ ಕಾರ್ಡಿನ ಸ್ವಂತ ಮೆಮೊರಿ. ಉಗ್ರಾಣದಂತೆ ಡಿಸ್ಕು. ದೋಸೆ ತಡವಾಯಿತೆಂದು ಗಿರಾಕಿ ಕೂಗಿದರೆ ಮಾಲಿಕನು ಕೂಡಲೇ ಇನ್ನೊಂದು ಕಾವಲಿ ತರಿಸುವುದಿಲ್ಲ. ಹೇಳುವವನು ತಡಮಾಡುತ್ತಿರುವನೋ, ಹೊಯ್ಯುವವನು ತಡಮಾಡುತ್ತಿರುವನೋ, ಕಟ್ಟೆ ತುಂಬಿ ಸಾಮಾನಿಗಾಗಿ ಮತ್ತೆ ಮತ್ತೆ ಓಡಬೇಕಾಗಿದೆಯೋ ಎಂದು ನೋಡುತ್ತಾನೆ. ನಾವೂ ಹಾಗೆಯೇ ನೋಡಬೇಕು.

ಸಜ್ಜುಗಳಿಗೆ ಕೈಹಾಕುವ ಮೊದಲು, ಕಾಸು ಖರ್ಚಿಲ್ಲದ ಕೆಲವು ಪರೀಕ್ಷೆಗಳಿವೆ. ಮೇಜಿನ ಕಂಪ್ಯೂಟರಾದರೆ ಪರದೆಯ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಸೇರಿದೆಯೇ ನೋಡಿರಿ. ಅದು ಮದರ್‌ಬೋರ್ಡಿನ ತೂತಿಗೆ ಸಿಕ್ಕಿಕೊಂಡಿದ್ದು, ಹಣ ಕೊಟ್ಟು ತಂದ ಕಾರ್ಡು ಕೆಲಸವಿಲ್ಲದೆ ಕುಳಿತಿರುವ ಮನೆಗಳುಂಟು. ಲ್ಯಾಪ್‌ಟಾಪಾದರೆ ಬ್ಯಾಟರಿಯ ಮೇಲೆ ಆಡಬೇಡಿರಿ. ವಿದ್ಯುತ್ತಿಗೆ ಜೋಡಿಸದಿದ್ದರೆ ಅದು ತನ್ನ ಶಕ್ತಿಯನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಹಾಸಿಗೆಯ ಮೇಲೆ ಇಟ್ಟರೆ ಕೆಳಗಿನ ಗಾಳಿಯ ದಾರಿ ಮುಚ್ಚುತ್ತದೆ. ಮೊದಲ ಕಾಲು ಗಂಟೆ ಚೆನ್ನಾಗಿ ಓಡಿ ಆಮೇಲೆ ಮುಗ್ಗರಿಸುವುದಾದರೆ, ಕಾರಣ ಬಹುಮಟ್ಟಿಗೆ ಬಿಸಿಯೇ. ಧೂಳು ತೆಗೆಸಿ, ಗಟ್ಟಿ ಹಲಗೆಯ ಮೇಲೆ ಹಿಂಬದಿಯನ್ನು ತುಸು ಎತ್ತರಿಸಿ ಇಡಿರಿ. ಆಟವು ತಿರುಗುವ ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದರೆ ಎಸ್.ಎಸ್.ಡಿ.ಗೆ ಬದಲಿಸಿರಿ. ಗ್ರಾಫಿಕ್ಸ್ ಕಾರ್ಡಿನ ಡ್ರೈವರನ್ನು ಅದರ ತಯಾರಕರಿಂದಲೇ ಹೊಸದಾಗಿ ತಂದುಕೊಳ್ಳಿರಿ. ಹಿಂದೆ ತೆರೆದಿಟ್ಟ ಬ್ರೌಸರ್ ಮೊದಲಾದವನ್ನು ಮುಚ್ಚಿರಿ.

ಇನ್ನು ಅಳತೆ. ಈ ಆಟದ ಸೆಟ್ಟಿಂಗ್ಸ್ ಪುಟದಲ್ಲಿಯೇ ಬೆಂಚ್‌ಮಾರ್ಕ್ ಎಂಬ ಪರೀಕ್ಷೆಯಿದೆ. ಅದು ಒಂದೇ ಬಗೆಯ ದೃಶ್ಯವನ್ನು ಪ್ರತಿ ಸಲವೂ ಓಡಿಸಿ ಸರಾಸರಿ, ಕನಿಷ್ಠ, ಗರಿಷ್ಠ ಫ್ರೇಮ್‌ಗಳನ್ನು ತೋರಿಸುತ್ತದೆ. ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ. ಸರಾಸರಿಗಿಂತ ಕನಿಷ್ಠದ ಮೇಲೆ ಕಣ್ಣಿಡಿರಿ, ಏಕೆಂದರೆ ಕಣ್ಣಿಗೆ ಚುಚ್ಚುವುದು ಅದೇ. ಆಮೇಲೆ ರೆಸೊಲ್ಯೂಷನ್ನನ್ನು ಮಾತ್ರ ೧೯೨೦×೧೦೮೦ರಿಂದ ೧೨೮೦×೭೨೦ಕ್ಕೆ ಇಳಿಸಿ ಮತ್ತೆ ಓಡಿಸಿರಿ. ಸಂಖ್ಯೆ ಚೆನ್ನಾಗಿ ಏರಿದರೆ ತಡವಿರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಏರದೆ ಹಾಗೆಯೇ ನಿಂತರೆ ತಡ ಪ್ರೊಸೆಸರಿನದು. ಆಗ ಎಷ್ಟು ದೊಡ್ಡ ಗ್ರಾಫಿಕ್ಸ್ ಕಾರ್ಡ್ ತಂದರೂ ಹಣ ನೀರಿಗೆ ಹಾಕಿದಂತೆ. ಅಂಗಡಿಯವರು ಈ ಪರೀಕ್ಷೆಯನ್ನು ಮಾಡಿರಲೇ ಇಲ್ಲ.

ತಡ ಗ್ರಾಫಿಕ್ಸ್ ಕಾರ್ಡಿನದಾದರೆ ಇಳಿಸುವ ಕ್ರಮ ಹೀಗೆ. ರೇ ಟ್ರೇಸಿಂಗ್ ಇದ್ದರೆ ಮೊದಲು ಆರಿಸಿರಿ. ಬೆಳಕಿನ ಕಿರಣಗಳ ದಾರಿಯನ್ನು ಒಂದೊಂದಾಗಿ ಎಣಿಸುವ ಈ ವಿಧಾನದಷ್ಟು ದುಬಾರಿಯಾದುದು ಇನ್ನೊಂದಿಲ್ಲ. ಎರಡನೆಯದು ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ಸ್, ಎಂದರೆ ಒದ್ದೆ ರಸ್ತೆಯಲ್ಲೂ ಗಾಜಿನಲ್ಲೂ ಕಾಣುವ ಪ್ರತಿಬಿಂಬ. ಇದರ ಅತಿ ಮೇಲಿನ ಮೆಟ್ಟಿಲಿಗೆ ಸೈಕೋ ಎಂದೇ ಹೆಸರು. ಅದನ್ನು ಲೋಗೆ ಇಳಿಸಿರಿ. ಮೂರನೆಯದು ವಾಲ್ಯುಮೆಟ್ರಿಕ್ ಫಾಗ್, ಅಂದರೆ ಬೆಳಕು ತೂರಿಬರುವ ಮಂಜು. ಇದನ್ನು ಇಳಿಸಿದರೆ ಉಳಿತಾಯ ಹೆಚ್ಚು, ಕಣ್ಣಿಗಾಗುವ ನಷ್ಟ ಕಡಿಮೆ. ಅನಂತರ ಆಂಬಿಯೆಂಟ್ ಅಕ್ಲೂಷನ್, ಮೋಡ ಮತ್ತು ನೆರಳಿನ ಸಜ್ಜುಗಳನ್ನು ಮೀಡಿಯಂ ಅಥವಾ ಲೋಗೆ ತನ್ನಿರಿ.

ಟೆಕ್ಸ್ಚರ್ ಕ್ವಾಲಿಟಿಯ ರೀತಿ ಬೇರೆ. ಗೋಡೆ, ಬಟ್ಟೆ, ಮುಖ ಇವುಗಳ ಮೇಲ್ಮೈ ಚಿತ್ರಗಳು ಕಾರ್ಡಿನ ಮೆಮೊರಿಯಲ್ಲಿ ಹಿಡಿಯುವವರೆಗೆ ವೇಗಕ್ಕೆ ಅಷ್ಟಾಗಿ ತೊಂದರೆಯಿಲ್ಲ. ಕಟ್ಟೆ ತುಂಬಿದೊಡನೆ ಓಟ ಒಮ್ಮೆಗೇ ಕುಸಿಯುತ್ತದೆ. ಆಗ ಒಂದು ಮೆಟ್ಟಿಲು ಇಳಿಸಿದರೆ ಸಾಕು. ಇದನ್ನು ಆಟದ ಮೊದಲ ಮೆನುವಿನಿಂದಲೇ ಬದಲಿಸಬೇಕು.

ಇಷ್ಟಾದರೂ ಸಾಲದಿದ್ದರೆ ಎಫ್.ಎಸ್.ಆರ್. ಎಂಬ ಉಪಾಯವಿದೆ. ಚಿತ್ರವನ್ನು ಚಿಕ್ಕದಾಗಿ ಬರೆದು, ಆಮೇಲೆ ಲೆಕ್ಕಾಚಾರದಿಂದ ಹಿಗ್ಗಿಸಿ ಪರದೆಗೆ ಹೊಂದಿಸುವ ಕ್ರಮ ಇದು. ೧೦೮೦ರ ಪರದೆಯಲ್ಲಿ ಒಟ್ಟು ೨೦,೭೩,೬೦೦ ಚುಕ್ಕೆಗಳಿರುತ್ತವೆ. ಎಫ್.ಎಸ್.ಆರ್.ನ ಕ್ವಾಲಿಟಿ ಮೆಟ್ಟಿಲಿನಲ್ಲಿ ಯಂತ್ರ ನಿಜವಾಗಿ ಬರೆಯುವುದು ೯,೨೧,೬೦೦ ಚುಕ್ಕೆಗಳನ್ನು ಮಾತ್ರ, ಅರ್ಧಕ್ಕಿಂತ ಕಡಿಮೆ. ಹಳೆಯ ಕಾರ್ಡುಗಳಲ್ಲೂ ಇದು ನಡೆಯುತ್ತದೆ. ಆರ್.ಟಿ.ಎಕ್ಸ್. ಕಾರ್ಡುಳ್ಳವರು ಇದರ ಬದಲು ಡಿ.ಎಲ್.ಎಸ್.ಎಸ್. ಬಳಸುವುದು ಮೇಲು. ಫ್ರೇಮ್ ಜನರೇಷನ್ ಎಂಬ ಇನ್ನೊಂದಿದೆ. ಅದು ಎರಡು ಚಿತ್ರಗಳ ನಡುವೆ ಮೂರನೆಯದನ್ನು ಊಹಿಸಿ ತುಂಬುತ್ತದೆ. ಸಂಖ್ಯೆಯೇನೋ ಏರುತ್ತದೆ, ಆದರೆ ಕೈ ಒತ್ತಿದ್ದಕ್ಕೆ ಆಟ ಬೇಗ ಓಗೊಡುವುದಿಲ್ಲ. ಮೊದಲೇ ನಿಧಾನವಾಗಿರುವ ಯಂತ್ರಕ್ಕೆ ಅದು ಮದ್ದಲ್ಲ.

ತಡ ಪ್ರೊಸೆಸರಿನದಾದರೆ ಗೇಮ್‌ಪ್ಲೇ ಪುಟದಲ್ಲಿರುವ ಕ್ರೌಡ್ ಡೆನ್ಸಿಟಿಯನ್ನು ಲೋಗೆ ಇಳಿಸಿರಿ. ಬೀದಿಯಲ್ಲಿ ಓಡಾಡುವ ಒಬ್ಬೊಬ್ಬನ ನಡೆಯನ್ನೂ ಎಣಿಸಬೇಕಾದವನು ಪ್ರೊಸೆಸರ್ ತಾನೆ! ಜನ ಕಡಿಮೆಯಾದರೆ ಅವನ ಹೊರೆಯೂ ಇಳಿಯುತ್ತದೆ. ಮೆಮೊರಿ ಒಂದೇ ಪಟ್ಟಿಯಲ್ಲಿದ್ದರೆ ಅದೇ ಜಾತಿಯ ಎರಡನೆಯ ಪಟ್ಟಿ ಸೇರಿಸುವುದರಿಂದಲೂ ಪ್ರಯೋಜನವುಂಟು. ಅದಕ್ಕೆ ಖರ್ಚಿದ್ದರೂ ಗ್ರಾಫಿಕ್ಸ್ ಕಾರ್ಡಿನ ಮುಂದೆ ಅದು ಅಲ್ಪ.

ಒಂದು ಸಲಕ್ಕೆ ಒಂದೇ ಸಜ್ಜನ್ನು ಬದಲಿಸಿರಿ, ಮತ್ತೆ ಅಳೆಯಿರಿ, ಹಾಳೆಯಲ್ಲಿ ಬರೆಯಿರಿ. ಹತ್ತನ್ನು ಒಟ್ಟಿಗೆ ತಿರುವಿದರೆ ಯಾವುದು ಫಲಕೊಟ್ಟಿತೆಂದು ತಿಳಿಯದೆ, ಉಳಿಸಿಕೊಳ್ಳಬಹುದಾಗಿದ್ದ ಅಂದವನ್ನೂ ಕಳೆದುಕೊಳ್ಳುತ್ತೇವೆ.

ಕೊನೆಗೆ ಮಿತಿ ಹಾಕುವುದು. ಸಾಧಾರಣ ಪರದೆ ಸೆಕೆಂಡಿಗೆ ೬೦ ಸಲ ಹೊಸದಾಗುತ್ತದೆ. ಆಟ ೩೫ಕ್ಕೂ ೫೫ಕ್ಕೂ ನಡುವೆ ಹೊಯ್ದಾಡುತ್ತಿದ್ದರೆ ಕಣ್ಣಿಗೆ ನೆಮ್ಮದಿಯಿಲ್ಲ. ವರ್ಟಿಕಲ್ ಸಿಂಕಿನ ಮೂಲಕ ೩೦ಕ್ಕೆ ಕಟ್ಟಿಹಾಕಿದರೆ ಪ್ರತಿ ಚಿತ್ರವೂ ಸರಿಯಾಗಿ ಎರಡು ಸಲ ಕಾಣಿಸಿಕೊಂಡು ಓಟ ಸಮನಾಗುತ್ತದೆ, ಯಂತ್ರವೂ ಕಡಿಮೆ ಕಾಯುತ್ತದೆ. ನಮ್ಮ ಸದಸ್ಯರ ಯಂತ್ರಕ್ಕೆ ನಾವು ಮಾಡಿದ್ದು ಇದನ್ನೇ. ಪ್ರತಿಬಿಂಬ, ಮಂಜು, ನೆರಳು ಇಳಿಸಿ, ಎಫ್.ಎಸ್.ಆರ್. ಹಚ್ಚಿ, ೩೦ಕ್ಕೆ ಮಿತಿ ಹಾಕಿದೆವು. ಜಾಹೀರಾತಿನ ಚಿತ್ರದ ಥಳಕು ಬರಲಿಲ್ಲ. ಆದರೆ ಜನನಿಬಿಡವಾದ ಬೀದಿಯಲ್ಲೂ ಆಟ ಮುಗ್ಗರಿಸದೆ ನಡೆಯಿತು.

ಎಲ್ಲರಿಗೂ ಹೀಗೆಯೇ ಆಗುವುದೆಂದು ನಾವು ಭರವಸೆ ಕೊಡಲಾರೆವು. ಯಂತ್ರ ಕನಿಷ್ಠ ಪಟ್ಟಿಗಿಂತ ಬಹಳ ಕೆಳಗಿದ್ದರೆ ಈ ಉಪಾಯಗಳು ಸಾಲವು. ಅಂಥವರು ಆಟ ಕೊಳ್ಳುವ ಮೊದಲೇ ಪಟ್ಟಿಯನ್ನು ಹೋಲಿಸಿ ನೋಡುವುದು ಜಾಣತನ. ಸ್ಟೀಮ್ ಮಳಿಗೆಯಲ್ಲಿ ಕೊಂಡ ಆಟವನ್ನು ೧೪ ದಿನಗಳೊಳಗೆ, ಆಡಿದ ಹೊತ್ತು ೨ ಗಂಟೆಗಿಂತ ಕಡಿಮೆಯಿದ್ದರೆ, ಮರಳಿಸಿ ಹಣ ಪಡೆಯಬಹುದು. ಆದ್ದರಿಂದ ಕೊಂಡೊಡನೆ ಕಥೆಯಲ್ಲಿ ಮುಳುಗದೆ, ಮೊದಲ ಗಂಟೆಯನ್ನು ಅಳತೆಗೇ ಮೀಸಲಿಡಿರಿ.

ನಮ್ಮ ಸದಸ್ಯರ ಕಂತಿನ ಕಾಗದ ರುಜುವಿಲ್ಲದೆ ಅಂಗಡಿಗೆ ಹಿಂದಿರುಗಿತು. ಊರಿಗೆ ಹೋಗುವ ಹಣ ಆ ತಿಂಗಳೂ ಎಂದಿನಂತೆ ಹೋಯಿತು. ಮುಂದೆಂದಾದರೂ ಅವರು ಹೊಸ ಕಾರ್ಡ್ ಕೊಳ್ಳಲಿ, ಬೇಡವೆನ್ನಲು ನಾವಾರು? ಆದರೆ ಅದು ಅಂಗಡಿಯವರ ಅವಸರಕ್ಕಲ್ಲ, ತಮ್ಮ ಕೈಯಲ್ಲಿರುವ ಹಾಳೆಯ ಲೆಕ್ಕ ನೋಡಿ ಆಗಲಿ. ಇಂಥ ಪೇಚಿನಲ್ಲಿರುವ ಬಂಧುಗಳು ತಮ್ಮ ಅಳತೆಯ ಹಾಳೆಯೊಡನೆ ಯಾವ ಭಾನುವಾರವಾದರೂ ವಾಚನಾಲಯಕ್ಕೆ ಬರಬಹುದು. ಕುಳಿತು ನೋಡೋಣ.