ಎಳೆ ಎಣಿಸಿ ನೇಯುವ ಹಳೆಯ ಅಂಚು

ರೇಷ್ಮೆ ಸೀರೆ ಹಳತಾದಾಗ ಮಡಿಕೆಗಳಲ್ಲಿ ಮೊದಲು ಬಿರಿಯುವುದು ಒಡಲು. ಜರಿಯ ಅಂಚು ಎಷ್ಟೋ ಸಲ ಗಟ್ಟಿಯಾಗಿಯೇ ಉಳಿದಿರುತ್ತದೆ. ಅಜ್ಜಿಯ ಧಾರೆಸೀರೆಯಂಥದ್ದೇ ಇನ್ನೊಂದು ಬೇಕೆನ್ನುವವರಿಗೆ ಆ ಅಂಚಿನ ಗೇಣುದ್ದದ ತುಂಡೇ ಆಧಾರ.

ಕೊಳ್ಳೇಗಾಲ ಸೀಮೆಗೆ ರೇಷ್ಮೆಯ ಕಸುಬು ಹೊಸದಲ್ಲ. 1956ರವರೆಗೆ ಈ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ಪ್ರಾಂತದ ರೇಷ್ಮೆ ಕೃಷಿಗೆ ಆಗ ಇದೇ ಮುಖ್ಯ ನೆಲೆಯಾಗಿತ್ತು. ಹನೂರಿನ ಹೊಲಗಳ ಹಿಪ್ಪುನೇರಳೆ, ಯಳಂದೂರು ತಾಲ್ಲೂಕಿನ ಮಾಂಬಳ್ಳಿಯ ನೂಲು ಬಿಚ್ಚಾಣಿಕೆ, ಕೊಳ್ಳೇಗಾಲದ ಮಗ್ಗ ಎಲ್ಲವೂ ಅಕ್ಕಪಕ್ಕದಲ್ಲೇ. ಜರಿ ಮಾತ್ರ ದೂರದ ಸೂರತ್ತಿನದು.

ಹಳೆಯ ಅಂಚನ್ನು ಮರಳಿ ನೇಯುವ ಕೆಲಸ ಶುರುವಾಗುವುದು ಭೂತಗನ್ನಡಿಯಿಂದ. ರುದ್ರಾಕ್ಷಿಯೋ ಗೋಪುರವೋ ಹಂಸವೋ, ಚಿತ್ತಾರ ಒಂದು ಸುತ್ತು ಮುಗಿದು ಮತ್ತೆ ಎಲ್ಲಿ ಮೊದಲಾಗುತ್ತದೆ ಎಂದು ಗುರುತಿಸಿ, ಹಾಸು ಮತ್ತು ಹೊಕ್ಕಿನ ಎಳೆಗಳನ್ನು ಎಣಿಸುತ್ತಾರೆ. ಆ ಲೆಕ್ಕ ಗ್ರಾಫ್ ಹಾಳೆಯ ಚೌಕಗಳಾಗುತ್ತದೆ. ಹಾಳೆಯ ಒಂದೊಂದು ಅಡ್ಡಸಾಲಿಗೂ ಮಗ್ಗದ ಮೇಲಿನ ಜಕಾರ್ಡ್ ಸಾಧನದ ಒಂದೊಂದು ರಟ್ಟು. ರಟ್ಟಿನಲ್ಲಿ ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ನಿಲ್ಲುತ್ತದೆ. ಒಡಲಿನದಲ್ಲದ ಅಪ್ಪಟ ಬಣ್ಣ ಎರಡೂ ಅಂಚಿಗೆ ಬೇಕೆಂದರೆ ಮೂರು ಲಾಳಿ ಆಡಬೇಕು. ಪಕ್ಕದಲ್ಲಿ ಇನ್ನೊಬ್ಬರ ಕೈಯೂ ಬೇಕು.

ಮೊಬೈಲಿನ ಫೋಟೊ ನೋಡಿ ನೇಯ್ದ ಅಂಚು ಸೋಲುವುದು ಇಲ್ಲೇ. ಇಂದಿನ ಹೊಕ್ಕು ಹಳೆಯದಕ್ಕಿಂತ ದಪ್ಪವಾದರೆ ಹಂಸ ಅಂಚಿನುದ್ದಕ್ಕೆ ಹಿಗ್ಗುತ್ತದೆ, ತೆಳುವಾದರೆ ಕುಗ್ಗುತ್ತದೆ. ಜರಿಯೂ ಅಷ್ಟೆ: ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ ಚಿನ್ನದ ನೀರು ಕೊಟ್ಟದ್ದರ ಮೆರುಗು ಅಗ್ಗದ ಜರಿಗೆ ಬರುವುದಿಲ್ಲ.

ಹೀಗೆಯೇ ಯುರೋಪಿನಲ್ಲಿ ಹಳೆಯ ಮನೆಗಳನ್ನು ದುರಸ್ತಿ ಮಾಡುವವರು ಗೋಡೆಕಾಗದದ ಅಂಚುಪಟ್ಟಿಯ ಚೂರೊಂದನ್ನು ಇಟ್ಟುಕೊಂಡು, ಬಣ್ಣಕ್ಕೊಂದು ಮರದ ಅಚ್ಚು ಕೆತ್ತಿಸಿ ಮತ್ತೆ ಮುದ್ರಿಸುತ್ತಾರೆ. ಅಲ್ಲಿ ಆ ಚೂರುಗಳನ್ನು ಮ್ಯೂಸಿಯಂಗಳು ಕಾಪಾಡುತ್ತವೆ. ನಮ್ಮ ಅಂಚುಗಳಿರುವುದು ಮನೆಯ ಬೀರುಗಳಲ್ಲಿ. ಹಳೆ ಜರಿ ಕೊಳ್ಳುವವರ ಕೈಗೆ ಹೋದ ಸೀರೆ ಬೆಂಕಿಗೆ ಬಿದ್ದು ಬೆಳ್ಳಿಯಾಗುತ್ತದೆ. ಚಿತ್ತಾರದ ಲೆಕ್ಕವೂ ಅದರೊಂದಿಗೇ ಹೋಗುತ್ತದೆ. ಮಾರುವುದೇ ಆದರೂ ಚಿತ್ತಾರದ ಒಂದು ಪೂರ್ತಿ ಸುತ್ತು ಬರುವಷ್ಟು ಅಂಚನ್ನು ಕತ್ತರಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಿ. ನೇಕಾರನಿಗೆ ಅಷ್ಟು ಸಾಕು.